ಪಿಲಿ, ಪುಲಿ, ಹುಲಿ: ಅಣ್ಣನ ಮಕ್ಕಳಿಗೆ ಕಾಸರಗೋಡು ತೋರಿಸಿದ ನಾಲ್ಕು ದಿನ

ಕ್ರಿಸ್‌ಮಸ್ ರಜೆಗೆ ಬೆಂಗಳೂರಿಂದ ಅಣ್ಣ, ಅತ್ತಿಗೆ, ಮಕ್ಕಳಿಬ್ರು ಬಂದಿದ್ರು. ನಾಲ್ಕು ದಿನ ಇದ್ದು ಮೊನ್ನೆ ಹೋದ್ರು, ಮನೆ ಈಗ ಖಾಲಿ ಖಾಲಿ. ಕಾಸರಗೋಡಿಗೆ ನೆಂಟರು ಬಂದ್ರೆ ಎಲ್ಲಿಗೆ ಕರ್ಕೊಂಡು ಹೋಗುದು ಅಂತ ನನ್ನಲ್ಲಿ ತುಂಬ ಜನ ಕೇಳ್ತಾರೆ, ನಾನು ಇಷ್ಟು ವರ್ಷ ಹೇಳ್ತಿದ್ದದ್ದು ಒಂದೇ, ಬೇಕಲ ಕೋಟೆ. ಕೋಟೆ ನೋಡಿ ಆದ ಮೇಲೆ ಎಂತ ಅಂದ್ರೆ ಮಂಗಳೂರಿಗೆ ಹೋಗಿ ಮಾಲ್ ಸುತ್ತಿ ಬರುದು. ನಮ್ಮ ಮನೆಯಲ್ಲೂ ಹಾಗೆಯೇ ನಡೀತಿದ್ದದ್ದು. ಹೋದ ಸಲ ಇವರೆಲ್ಲ ಬಂದಾಗ ಏಪ್ರಿಲ್ ತಿಂಗಳ ನಡುಮಧ್ಯಾಹ್ನ ಬೇಕಲಕ್ಕೆ ಕರ್ಕೊಂಡು ಹೋಗಿ, ಅಲ್ಲಿ ನೆರಳು ಅಂತ ಹೆಚ್ಚು ಇಲ್ಲ ನೋಡಿ, ಸಣ್ಣವನಿಗೆ ವಾಂತಿ, ಅತ್ತಿಗೆಗೆ ತಲೆನೋವು, ರಾತ್ರಿ ಯಾರೂ ಊಟ ಮಾಡ್ಲಿಲ್ಲ. ಅದು ನನ್ನ ಮನಸ್ಸಲ್ಲಿ ಉಳಿದಿತ್ತು. ಹಾಗಾಗಿ ಈ ಸಲ ಬೇಕಲ ಕೊನೆಗೆ, ಅದೂ ಸಂಜೆಗೆ, ಮೊದಲು ನಮ್ಮ ಪೇಟೆ ಮತ್ತೆ ಪೇಟೆಗೆ ಹತ್ರ ಇರುವದ್ದು ಅಂತ ನಾನೇ ಹೇಳಿಬಿಟ್ಟೆ.

ಇನ್ನೊಂದು ಕಾರಣವೂ ಉಂಟು. ಬೆಳಗ್ಗೆ ರೈಲಿಳಿದು ಸ್ಟೇಷನ್ ಹೊರಗೆ ಬಂದದ್ದಷ್ಟೇ, ಸಣ್ಣವ, ಎಂಟು ವರ್ಷ ಅವನಿಗೆ, ಅಂಗಡಿ ಬೋರ್ಡುಗಳನ್ನೆಲ್ಲ ನೋಡಿ ಕೇಳಿದ, "ಅತ್ತೆ, ಇದು ಕೇರಳ ಅಲ್ವಾ? ಮತ್ತೆ ನೀವ್ಯಾಕೆ ಕನ್ನಡ ಮಾತಾಡ್ತೀರಾ?" ಅವನು ಏನೂ ತಪ್ಪು ಕೇಳಿದ್ದಲ್ಲ. ಆದ್ರೆ ನನಗೆ ಒಂದು ನಿಮಿಷ ಗಂಟಲು ಕಟ್ಟಿದ ಹಾಗೆ ಆಯ್ತು. 1956ರ ನವೆಂಬರ್ 1ಕ್ಕೆ ಮದ್ರಾಸಿನ ದಕ್ಷಿಣ ಕನ್ನಡದಲ್ಲಿದ್ದ ನಮ್ಮ ತಾಲೂಕು ಕೇರಳಕ್ಕೆ ಸೇರಿದ್ದು, 1984ರ ಮೇ 24ಕ್ಕೆ ಬೇರೆ ಜಿಲ್ಲೆಯೇ ಆದದ್ದು, ಅಷ್ಟರಲ್ಲಿ ಇಲ್ಲಿ ಕನ್ನಡ ಶಾಲೆಗೆ ಹೋದವರು ಎಷ್ಟು ತಲೆಮಾರು, ಇದನ್ನೆಲ್ಲ ರಿಕ್ಷಾ ಕಾಯುವ ಹೊತ್ತಿಗೆ ಎಂಟು ವರ್ಷದವನಿಗೆ ಹೇಗೆ ಹೇಳುದು. "ಮನೆಗೆ ನಡಿ, ತೋರಿಸ್ತೇನೆ" ಅಂದೆ.

ಮೊದಲನೇ ದಿನ ಸಂಜೆ ಪೇಟೆಗೆ ನಡ್ಕೊಂಡೇ ಹೊರಟದ್ದು. ಈಗ ಹೆದ್ದಾರಿ ಅಗಲ ಆಗಿ, ಫ್ಲೈಓವರ್ ಬಂದು, ವರ್ಷಕ್ಕೊಮ್ಮೆ ಬರುವವರಿಗೆ ನಮ್ಮ ಪೇಟೆಯ ಗುರ್ತವೇ ಸಿಗುದಿಲ್ಲ. ಆದ್ರೆ ಒಳಗೆ ಹೋದ್ರೆ ಹಳೇ ಪೇಟೆ ಹಾಗೇ ಉಂಟು. ಮಲ್ಲಿಕಾರ್ಜುನ ದೇವಸ್ಥಾನ ಪೇಟೆಯ ನಡುವೆಯೇ ಇರುದು, ಬಸ್ಸಿನ ಹಾರ್ನ್, ಮೀನು ಮಾರ್ಕೆಟಿನ ಗಲಾಟೆ ಎಲ್ಲ ಆಚೆ, ಒಳಗೆ ಕಾಲಿಟ್ರೆ ಎಣ್ಣೆ ದೀಪದ ವಾಸನೆ. ಅಲ್ಲಿ ಕೈ ಮುಗಿದು, ಕೊಂಕಣಿಯವರ ವೆಂಕಟರಮಣ ದೇವಸ್ಥಾನದ ಬದಿಯಿಂದ ಬಂದು, ಒಂದು ಹೋಟೆಲಲ್ಲಿ ಗೋಳಿಬಜೆ ಚಾ ಆಗಿ, ಪಿಲಿಕುಂಜೆಗೆ.

ಪಿಲಿಕುಂಜೆಯ ಹೆಸರಲ್ಲೇ ಸಣ್ಣವನ ಪ್ರಶ್ನೆಗೆ ಅರ್ಧ ಉತ್ತರ ಇತ್ತು. ತುಳುವಲ್ಲಿ ಪಿಲಿ ಅಂದ್ರೆ ಹುಲಿ. ಮಲಯಾಳದಲ್ಲಿ ಅದೇ ಜಾಗವನ್ನು ಪುಲಿಕುನ್ನ್ ಅಂತಾರೆ, ಅವರಿಗೂ ಪುಲಿ ಅಂದ್ರೆ ಹುಲಿಯೇ. ಪಿಲಿ, ಪುಲಿ, ಹುಲಿ ಅಂತ ನಾನು ಹೇಳಿದ್ದೇ ತಡ ಅವನು ದಾರಿಯುದ್ದ ಅದನ್ನೇ ಹಾಡ್ತಾ ಕುಣೀತಾ ಬಂದ. "ಕೊಂಕಣಿಯಲ್ಲಿ ವಾಗು" ಅಂತ ನನ್ನ ಮಗ ಸೇರಿಸಿದ, ಅವನ ಕ್ಲಾಸಲ್ಲಿ ಕೊಂಕಣಿ ಮಕ್ಕಳಿದ್ದಾರೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು, ಸಪ್ತಭಾಷೆಯ ಊರು ಅಂತ ಭಾಷಣದಲ್ಲಿ ಹೇಳುದು ಕೇಳಿ ಕೇಳಿ ಸಾಕಾಗಿತ್ತು ನನಗೆ, ಮಕ್ಕಳ ಬಾಯಲ್ಲಿ ಹೀಗೆ ಕೇಳುವಾಗ ಭಾರೀ ಖುಷಿ ಆಯ್ತು.

ಅಲ್ಲಿಗೆ ಹೋದದ್ದು ಯಾಕಂದ್ರೆ ಬೊಂಬೆಮನೆ ಇರುದು ಅಲ್ಲಿ. ಶ್ರೀ ಗೋಪಾಲಕೃಷ್ಣ ಯಕ್ಷಗಾನ ಬೊಂಬೆಯಾಟ ಸಂಘ, 1981ರಲ್ಲಿ ಶುರುವಾದದ್ದು, ಕೆ. ವಿ. ರಮೇಶ್ ಅವರು ಇಷ್ಟು ವರ್ಷದಿಂದ ನಡೆಸಿಕೊಂಡು ಬಂದಿದ್ದಾರೆ, ವಿದೇಶದಲ್ಲೂ ಆಡಿ ಬಂದ ತಂಡ. ಬೊಂಬೆಯಾಟ ನೋಡ್ಲಿಕ್ಕೆ ಇಲ್ಲಿಯವರೇ ಎಷ್ಟೋ ಜನ ಇನ್ನೂ ಹೋಗಿಲ್ಲ, ಇದು ಬೇಜಾರಿನ ಸಂಗತಿ. ಒಂದು ಮಾತು, ದಿನಾಲೂ ಆಟ ಇರುದಿಲ್ಲ, ಮೊದಲೇ ವಿಚಾರಿಸಿಕೊಂಡು ಹೋಗ್ಬೇಕು. ನಮಗೆ ಆ ದಿನ ಸಿಕ್ಕಿತು, ನರಕಾಸುರ ವಧೆ.

ಬೊಂಬೆ ಅಂದ್ರೆ ಒಂದೂವರೆ ಅಡಿ ಎತ್ತರ ಇರಬಹುದು ಅಷ್ಟೇ, ಮರದ್ದು. ಆದ್ರೆ ವೇಷ ಪೂರ್ತಿ ತೆಂಕುತಿಟ್ಟಿನದ್ದು, ಅಂದ್ರೆ ಯಕ್ಷಗಾನದ ತೆಂಕಣ ಶೈಲಿಯದ್ದು. ಕಿರೀಟ, ಭುಜಕೀರ್ತಿ, ಎದೆಪದಕ, ಸೊಂಟದ ಪಟ್ಟಿ, ಕಾಲಿನ ಗೆಜ್ಜೆವರೆಗೆ ಒಂದನ್ನೂ ಬಿಟ್ಟಿಲ್ಲ. ಚೆಂಡೆ ಮದ್ದಳೆ ಚಕ್ರತಾಳ ಏರಿದ ಹಾಗೆ ನರಕಾಸುರನ ಪ್ರವೇಶ ಆಯ್ತು ನೋಡಿ, ಮೊದಲು ತೆರೆಯ ಹಿಂದೆ ಆರ್ಭಟ, ಆಮೇಲೆ ಮೆಲ್ಲ ಕಿರೀಟದ ತುದಿ, ಆಮೇಲೆ ಕಣ್ಣು. ಸಣ್ಣವ ಅತ್ತಿಗೆಯ ಸೀರೆ ಸೆರಗು ಹಿಡ್ಕೊಂಡು ಕೂತವನು ಐದು ನಿಮಿಷದಲ್ಲಿ ನೆಲಕ್ಕೆ ಇಳಿದು ರಂಗಸ್ಥಳದ ಹತ್ರ ಹೋಗಿ ಚಕ್ಕಳಮಕ್ಕಳ ಹಾಕಿ ಕೂತ. ಬೊಂಬೆ ದಿಗಿಣ ಹಾಕಿದಾಗ, ಗಿರಗಿರ ತಿರುಗಿ ಹಾರುದು ಅದು, ಅದರ ಸೋಗೆ ಬಟ್ಟೆ ಅಗಲಕ್ಕೆ ಹರಡಿ ಒಂದು ಹೂ ಬಿಚ್ಚಿದ ಹಾಗೆ ಕಾಣ್ತದೆ, ಆಗ ನೂಲು ಕಾಣುದೇ ಇಲ್ಲ, ಎತ್ತರವೂ ಮರ್ತುಹೋಗ್ತದೆ, ಸಣ್ಣ ಬೊಂಬೆ ಅಂತ ಅನಿಸುದೇ ಇಲ್ಲ.

ಆಟ ಮುಗಿದ ಮೇಲೆ ಮಕ್ಕಳನ್ನು ಹಿಂದೆ ಕರೆದು ತೋರಿಸಿದ್ರು. ನಾನು ಅಷ್ಟು ಹತ್ತಿರದಿಂದ ನೋಡಿದ್ದು ಅದೇ ಮೊದಲು. ಬಣ್ಣದ ವೇಷಕ್ಕೆ ಮುಖದಲ್ಲಿ ಚುಟ್ಟಿ ಇಡ್ತಾರಲ್ಲ, ಅಕ್ಕಿ ಹಿಟ್ಟಿನ ಬಿಳಿ ಚುಕ್ಕೆ, ಆ ಸಣ್ಣ ಮುಖದಲ್ಲೂ ಅದನ್ನು ಒಂದೊಂದಾಗಿ ಇಟ್ಟಿದ್ದಾರೆ, ಸಾಸಿವೆ ಕಾಳಿನಷ್ಟು. ನೂಲುಗಳೆಲ್ಲ ಮೇಲೆ ಒಂದು ಮರದ ಹಿಡಿಕೆಗೆ ಬಂದು ಸೇರ್ತವೆ. ಸಣ್ಣವನ ಕೈಗೆ ಒಂದು ನಿಮಿಷ ಕೊಟ್ರು, ಅವನು ಎತ್ತಿದ್ದೇ ಬೊಂಬೆ ಮುಗ್ಗರಿಸಿತು, "ಎಳೀಬೇಡ ಮಗ, ಸುಮ್ನೆ ಬೆರಳು ಮಡಚು" ಅಂದ್ರು ಆಡಿಸುವವರು, ಮಡಚಿದ, ಬೊಂಬೆಯ ಕೈ ಎದ್ದು ಎದೆಗೆ ಬಂತು. ಅವನ ಮುಖ ನೋಡ್ಬೇಕಿತ್ತು ನೀವು. ಮನೆಗೆ ಬರುವಾಗ ರಿಕ್ಷಾದಲ್ಲಿ ಕೇಳಿದ, "ಅತ್ತೆ, ಬೊಂಬೆ ಮಾತಾಡಿದ್ದು ಕನ್ನಡ ಅಲ್ವಾ, ಕೆಲವು ಅರ್ಥ ಆಗ್ಲಿಲ್ಲ." ಎಲವೋ, ಭಳಿರೇ, ಮರುಳೇ ನಿನಗೆ, ಇಂಥ ಮಾತು ಅವನು ಎಲ್ಲಿ ಕೇಳಿದ್ದಾನೆ. ಕುಂಬಳೆಯ ಯಕ್ಷಗಾನ ಕವಿ ಪಾರ್ತಿಸುಬ್ಬನ ಪದ್ಯಗಳ ಕನ್ನಡ, ತಾಳಮದ್ದಳೆಯಲ್ಲಿ ಅರ್ಥ ಹೇಳುವವರ ಕನ್ನಡ, ಅದು ಹುಟ್ಟಿ ಬೆಳೆದದ್ದು ಇಲ್ಲಿಯ ಗದ್ದೆ ಬಯಲಲ್ಲಿ. ಹಾಗಂತ ಅವನಿಗೆ ಹೇಳಿದೆ, ಪೂರ್ತಿ ಅರ್ಥ ಆಗ್ಲಿಲ್ಲವೋ ಏನೋ, ಆದ್ರೆ ರಾತ್ರಿ ಊಟಕ್ಕೆ ಕರೆದ್ರೆ "ಎಲವೋ ಅಣ್ಣಾ, ಮೊಸರು ತಾರೋ" ಅಂತ ನನ್ನ ಮಗನ ಹತ್ರ ಹೇಳ್ಲಿಕ್ಕೆ ಶುರು ಮಾಡಿದ.

ಎರಡನೇ ದಿನ ಮಧೂರು. ಪೇಟೆಯಿಂದ 7-8 ಕಿಲೋಮೀಟರ್, ಬಸ್ಸು ಬೇಕಾದಷ್ಟು ಉಂಟು. ನಾವು ಬೆಳಗ್ಗೆ ಬೇಗ ಹೊರಟದ್ದು, ಶಬರಿಮಲೆ ಸೀಸನ್ ಅಲ್ವಾ, ಮಾಲೆ ಹಾಕಿದವರ ಬಸ್ಸುಗಳು ಬಂದು ನಿಂತ್ರೆ ಆಮೇಲೆ ಕ್ಯೂ. ನನ್ನ ಅತ್ತೆಯನ್ನೂ ಕರ್ಕೊಂಡು ಹೋದೆವು. ದೇವಸ್ಥಾನದ ಹೆಸರು ಮದನಂತೇಶ್ವರ, ಮೂಲ ದೇವರು ಈಶ್ವರ, ಮದರು ಅನ್ನುವ ಹೆಂಗಸಿಗೆ ಲಿಂಗ ಸಿಕ್ಕಿದ್ದು ಅಂತ ಕಥೆ. ಆದ್ರೆ ಎಲ್ಲರೂ ಬರುದು ಗಣಪತಿಗೆ. ಆಟ ಆಡ್ತಿದ್ದ ಒಬ್ಬ ಹುಡುಗ ಗರ್ಭಗುಡಿಯ ಗೋಡೆಯಲ್ಲಿ ಗಣಪತಿ ಚಿತ್ರ ಬರೆದನಂತೆ, ಅದು ದಿನ ಹೋದ ಹಾಗೆ ದಪ್ಪ ಆಗ್ತಾ ಹೋಯ್ತಂತೆ, ಬೊಡ್ಡಜ್ಜ ಅಂತ ಪ್ರೀತಿಯಿಂದ ಕರೆದ್ರಂತೆ. ಗೋಡೆಯಲ್ಲಿ ಬರೆದದ್ದಕ್ಕೆ ಅವನಿಗೆ ಯಾರೂ ಬೈಲಿಲ್ವಾ ಅಂತ ಸಣ್ಣವ ಕೇಳಿದ, ಅತ್ತೆ ನಗಾಡಿ ಅವನ ತಲೆ ಸವರಿದ್ರು.

ಹೊರಗಿಂದ ನೋಡುವಾಗಲೇ ದೇವಸ್ಥಾನದ ಚೆಂದ ಗೊತ್ತಾಗ್ತದೆ. ಮೂರು ಅಂತಸ್ತಿನ ಮಾಡು, ಹಿಂದಿನ ಬದಿ ಆನೆಯ ಬೆನ್ನಿನ ಹಾಗೆ ಉರುಟು, ಗಜಪೃಷ್ಠ ಅಂತ ಹೇಳುದು ಅದಕ್ಕೆ, ಬೆಳಗ್ಗಿನ ಬಿಸಿಲು ಬಿದ್ರೆ ತಾಮ್ರ ಹೊಳೆಯುದು. ಒಳಗೆ ಮರದ ಕೆತ್ತನೆಯಲ್ಲಿ ರಾಮಾಯಣದ ಕಥೆ ಉಂಟು, ಕುತ್ತಿಗೆ ನೋಯುವಷ್ಟು ಹೊತ್ತು ತಲೆ ಎತ್ತಿ ನೋಡಿದ್ದು ನಮ್ಮ ದೊಡ್ಡವಳು, ಅಣ್ಣನ ಮಗಳು. ಟಿಪ್ಪು ದಂಡೆತ್ತಿ ಬಂದವನು ಇಲ್ಲಿಯ ಬಾವಿ ನೀರು ಕುಡಿದು ಮನಸ್ಸು ಬದಲಿಸಿದ, ಖಡ್ಗದ ಒಂದು ಗುರುತು ಮಾತ್ರ ಹಾಕಿ ಹೋದ ಅಂತ ಇನ್ನೊಂದು ಕಥೆ, ಆ ಗುರುತನ್ನೂ ತೋರಿಸ್ತಾರೆ. ಪಕ್ಕದಲ್ಲೇ ಮಧುವಾಹಿನಿ ಹೊಳೆ, ಡಿಸೆಂಬರಲ್ಲಿ ಸಾಧು, ಜೋರು ಮಳೆಗಾಲದಲ್ಲಿ ಅಂಗಳಕ್ಕೇ ನೀರು ಬರ್ತದೆ.

ಆಮೇಲೆ ಪ್ರಸಾದದ ಅಪ್ಪ. ಮಧೂರಿಗೆ ಹೋಗಿ ಅಪ್ಪ ತಾರದೆ ಬಂದ್ರೆ ಹೋದ ಹಾಗೆಯೇ ಅಲ್ಲ. ಅಕ್ಕಿ, ಬೆಲ್ಲ, ತೆಂಗಿನಕಾಯಿ, ತುಪ್ಪ. ಹೊರಗೆ ಕಪ್ಪು ಕಂದು, ಚೂರು ಗಟ್ಟಿ, ಒಳಗೆ ಮೆತ್ತಗೆ, ಕಾಯಿಚೂರು ಹಲ್ಲಿಗೆ ಸಿಗ್ತದೆ, ಕಾಗದ ಬಿಚ್ಚುವಾಗ ಬೆರಳಿಗೆಲ್ಲ ತುಪ್ಪ. ಹೊಳೆ ಬದಿ ಕಟ್ಟೆಯಲ್ಲಿ ಕೂತು ತಿಂತಾ ಇರುವಾಗ ನಮ್ಮ ಅತ್ತೆ 1992ರ ಮೂಡಪ್ಪ ಸೇವೆಯ ಸುದ್ದಿ ತೆಗೆದ್ರು. ಗಣಪತಿಯನ್ನೇ ಅಪ್ಪದಲ್ಲಿ ಮುಚ್ಚುವ ಸೇವೆ ಅದು. ಇವರು, ನನ್ನ ಗಂಡ, ಆಗ ಐದು ವರ್ಷದ ಹುಡುಗ, ಸೊಂಟದಲ್ಲಿ ಎತ್ತಿಕೊಂಡು ಜನರ ನಡುವೆ ನಿಂತಿದ್ರಂತೆ, ಬೆಲ್ಲ ತುಪ್ಪ ಕಾಯುವ ಪರಿಮಳ ದಾರಿಯಲ್ಲೇ ಬರ್ತಿತ್ತಂತೆ. ಮತ್ತೆ ಆ ಸೇವೆ ಆದದ್ದು 2025ರಲ್ಲಿ, ಬ್ರಹ್ಮಕಲಶದ ಒಟ್ಟಿಗೆ, 33 ವರ್ಷ ಕಳೆದು. ಈ ಸಲ ಇವರು ಅವರ ಅಮ್ಮನ ಕೈ ಹಿಡ್ಕೊಂಡು ನಿಂತದ್ದು. "ಇನ್ನೊಂದು ಸಲ ನೋಡ್ಲಿಕ್ಕೆ ನಾನು ಇರುದಿಲ್ಲ, ನೀವು ಮಕ್ಕಳು ನೋಡ್ಬೇಕು" ಅಂದ್ರು ಅತ್ತೆ, ಭಾರೀ ಸಮಾಧಾನದಲ್ಲಿ. ದೊಡ್ಡವಳು ಅವರ ಹತ್ರ ಸರಿದು ಕೂತಳು, ಏನೂ ಹೇಳ್ಲಿಲ್ಲ.

ಮಧ್ಯಾಹ್ನ ಮೇಲೆ ಎಡನೀರು. ಇದು ದೊಡ್ಡವಳಿಗಾಗಿ. ಅವಳು ಬೆಂಗಳೂರಲ್ಲಿ ಲಾ ಓದ್ತಾ ಇದ್ದಾಳೆ. "ಅತ್ತೆ, ನಮ್ಮ ಪ್ರೊಫೆಸರ್ ಮೊದಲನೇ ಸೆಮಿಸ್ಟರಿಂದ್ಲೂ ಕೇಶವಾನಂದ ಕೇಶವಾನಂದ ಅಂತ ಹೇಳ್ತಾನೇ ಇರ್ತಾರೆ" ಅಂದಿದ್ಲು ಫೋನಲ್ಲಿ ಒಮ್ಮೆ. ಅದು ನಮ್ಮ ಎಡನೀರಿನ ಸ್ವಾಮೀಜಿ ಮಾರಾಯ್ತಿ ಅಂದಾಗ ಅವಳು ನಂಬಲೇ ಇಲ್ಲ. ಪೇಟೆಯಿಂದ ಚೆರ್ಕಳಕ್ಕಾಗಿ ಹೋದ್ರೆ ಹತ್ತು ಕಿಲೋಮೀಟರ್ ಹತ್ರ, ಅಡಿಕೆ ತೋಟದ ನಡುವೆ ಮಠ. ಕೇರಳದ ಭೂಸುಧಾರಣೆ ಕಾನೂನಿಂದ ಮಠದ ಜಾಗ ಹೋಗುವಾಗ ಕೇಶವಾನಂದ ಭಾರತೀ ಸ್ವಾಮೀಜಿ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು. ನಾನಿ ಪಾಲ್ಖಿವಾಲಾ ವಾದ ಮಾಡಿದ್ದು, 13 ಜನ ಜಡ್ಜುಗಳು ಕೂತದ್ದು, 1973ರ ಏಪ್ರಿಲ್ 24ಕ್ಕೆ ಏಳಕ್ಕೆ ಆರು ಲೆಕ್ಕದಲ್ಲಿ ತೀರ್ಪು ಬಂದದ್ದು, ಸಂಸತ್ತು ಸಂವಿಧಾನ ತಿದ್ದಬಹುದು ಆದ್ರೆ ಅದರ ಮೂಲ ಸ್ವರೂಪವನ್ನೇ ಕೆಡಿಸುವ ಹಾಗಿಲ್ಲ ಅಂತ. ಇದೆಲ್ಲ ಅವಳೇ ನನಗೆ ಹೇಳಿದ್ದು, ಕಾರಲ್ಲಿ, ಒಂದೇ ಉಸಿರಲ್ಲಿ, ಪರೀಕ್ಷೆಗೆ ಓದಿದ ಹಾಗೆ.

ನನಗೆ ಹೇಳ್ಲಿಕ್ಕೆ ಇದ್ದದ್ದು ಅವಳ ಪುಸ್ತಕದಲ್ಲಿ ಇರದ್ದು. ಸ್ವಾಮೀಜಿ ಹಾಡ್ತಿದ್ರು. ಒಳ್ಳೆ ಸಂಗೀತಗಾರರು, ಯಕ್ಷಗಾನದ ಭಾಗವತಿಕೆ ಮಾಡ್ತಿದ್ರು, ಮಠದ್ದೇ ಮೇಳ ಇತ್ತು. ನಾನು ಸಣ್ಣದಿರುವಾಗ ಅಪ್ಪನೊಟ್ಟಿಗೆ ಹೋಗಿ ಕೇಳಿದ ನೆನಪು ಉಂಟು, ಕಾವಿ ಉಟ್ಟವರು ಕೂತು ಹಾಡುದನ್ನು ಕಣ್ಣು ಬಿಟ್ಟುಕೊಂಡು ನೋಡಿದ್ದು. 2020ರ ಸೆಪ್ಟೆಂಬರ್ 6ಕ್ಕೆ ತೀರಿಕೊಂಡ್ರು, ಕೊರೋನಾ ಸಮಯ, ದೇಶದ ಪೇಪರುಗಳಲ್ಲೆಲ್ಲ ಕೇಸಿನ ಬಗ್ಗೆ ಬಂತು, ನಮ್ಮ ಮನೆಗಳಲ್ಲಿ ಮಾತಾಡಿದ್ದು ಅವರ ಹಾಡಿನ ಬಗ್ಗೆ. ದೊಡ್ಡವಳು ಮಠದ ಅಂಗಳದಲ್ಲಿ ಚಪ್ಪಲಿ ಬಿಟ್ಟು ಸುಮ್ನೆ ನಿಂತಿದ್ಲು. "ನಾವು ಕ್ಲಾಸಲ್ಲಿ ಒಂದು ಸಲಾನೂ ಇದೊಂದು ಊರು ಅಂತ ಯೋಚ್ನೆ ಮಾಡಿಲ್ಲ ಅತ್ತೆ, ಅದು ಬರೀ ಒಂದು ಕೇಸಿನ ಹೆಸರು" ಅಂದ್ಲು. ಅವಳ ಗೆಳತಿಯರಿಗೆಲ್ಲ ಫೋಟೋ ಕಳಿಸಿದ್ಲು. ಒಬ್ಬಳು ಕನ್ನಡದಲ್ಲಿ ಬರೆದ ಬೋರ್ಡು ನೋಡಿ "ಅಲ್ಲಿ ಕನ್ನಡ ಇದ್ಯಾ" ಅಂತ ಕೇಳಿದ್ಲಂತೆ. ನೋಡಿ, ಸಣ್ಣವ ಒಬ್ಬನೇ ಅಲ್ಲ ಕೇಳುದು.

ಬೋರ್ಡಿನ ಸುದ್ದಿ ಬಂತಲ್ಲ, ಒಂದು ಬೇಸರ ಇಲ್ಲೇ ಹೇಳಿಬಿಡ್ತೇನೆ. ಆ ನಾಲ್ಕು ದಿನದಲ್ಲಿ ಒಂದು ಕಡೆ, ಎಲ್ಲಿ ಅಂತ ಬೇಡ, ಟಿಕೆಟಿನ ರೇಟು, ಸಮಯ, ನಿಯಮ ಎಲ್ಲ ಬರೆದದ್ದು ಬರೀ ಮಲಯಾಳ ಮತ್ತೆ ಇಂಗ್ಲಿಷಲ್ಲಿ. ನಮ್ಮ ಅತ್ತೆ ಕನ್ನಡ ಶಾಲೆಯಲ್ಲಿ ಎಂಟನೇ ಕ್ಲಾಸು ಓದಿದವರು, ದಿನಾ ಪೇಪರು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವವರು, ಆ ಬೋರ್ಡಿನ ಎದುರು ನಿಂತು "ಎಂತ ಬರ್ದದ್ದು ಇದರಲ್ಲಿ" ಅಂತ ನನ್ನಲ್ಲಿ ಕೇಳ್ಬೇಕಾಯ್ತು. ಅವರು ಹುಟ್ಟಿದ ಊರಲ್ಲೇ. ಒಳಗೆ ಕೂತವರು ಪಾಪ ಒಳ್ಳೆಯವರು, ಚೆಂದ ಕನ್ನಡದಲ್ಲಿಯೇ ವಿವರ ಹೇಳಿದ್ರು, ಜನರಿಗೆ ಜನರಿಂದ ತೊಂದರೆ ಇಲ್ಲ ಇಲ್ಲಿ. ಆದ್ರೆ ಒಂದು ಬೋರ್ಡಿನಲ್ಲಿ ಮೂರು ಸಾಲು ಜಾಸ್ತಿ ಬರೀಲಿಕ್ಕೆ ಎಷ್ಟು ಪೇಂಟು ಬೇಕು ಹೇಳಿ. ಇದನ್ನು ನಾವು ಕೇಳ್ತಾ ಇರ್ಬೇಕು, ಸಿಟ್ಟಿಲ್ಲದೆ, ಆದ್ರೆ ಬಿಡದೆ.

ಮೂರನೇ ದಿನ ಬೆಳಗ್ಗೆ ಅತ್ತಿಗೆಗೆ ಸೀರೆ ಬೇಕಿತ್ತು. ಉದಯಗಿರಿಯ ನೇಕಾರರ ಸೊಸೈಟಿಗೆ ಹೋದೆವು, ವಿದ್ಯಾನಗರದ ಹತ್ರ. ಕಾಸರಗೋಡು ಸೀರೆಗೆ ಜಿಐ ಟ್ಯಾಗ್, ಅಂದ್ರೆ ಈ ಊರಿನದ್ದೇ ಅನ್ನುವ ಸರಕಾರಿ ಗುರುತು, ಸಿಕ್ಕಿದೆ, ನೇಕಾರ ಸಮುದಾಯದ ಶಾಲಿಯರು ಕೈಮಗ್ಗದಲ್ಲಿ ನೇಯುವ ಹತ್ತಿ ಸೀರೆ, ನನ್ನ ಹತ್ರ ಮದುವೆಗಿಂತ ಮೊದಲು ತಕ್ಕೊಂಡದ್ದು ಒಂದುಂಟು, ಒಗೆದು ಒಗೆದು ಮೆತ್ತಗಾಗಿದೆ, ಬಣ್ಣ ಬಿಟ್ಟಿಲ್ಲ. ಮಗ್ಗದ ಬದಿಯಲ್ಲಿ ನಿಂತು ನೋಡ್ಬೇಕು ಇದನ್ನು. ಕಾಲು ಒತ್ತುದು, ಲಾಳಿ ಒಂದು ಬದಿಯಿಂದ ಇನ್ನೊಂದು ಬದಿಗೆ ಹಾರುದು, ಹಣಿಗೆ ಎಳೆದು ಬಡಿಯುದು, ಟಕ್ ಟಕಾ ಟಕ್ ಅಂತ ಅದೊಂದು ತಾಳ, ನೋಡುವಾಗ ಇಷ್ಟು ಹೊತ್ತಿಗೆ ಒಂದು ಗೇಣು ಆಗಿರಬೇಕು ಅನಿಸ್ತದೆ, ಆಗಿರುದು ಎರಡು ಬೆರಳು. ನೇಯ್ತಿದ್ದ ಅಕ್ಕನಿಗೆ ವಯಸ್ಸಾಗಿದೆ, ಪಕ್ಕದ ಮಗ್ಗಗಳಲ್ಲೂ ವಯಸ್ಸಾದವರೇ. ಅತ್ತಿಗೆ ರೇಟು ಚರ್ಚೆ ಮಾಡ್ಲಿಲ್ಲ, ಎರಡು ತಕ್ಕೊಂಡ್ರು.

ಅಲ್ಲಿಂದ ಕೂಡ್ಲಿನ ಸಿಪಿಸಿಆರ್‌ಐ, ಕೇಂದ್ರ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. 1916ರಲ್ಲಿ ತೆಂಗಿನ ಸಂಶೋಧನೆಗೆ ಅಂತ ಶುರುವಾದ ಜಾಗ, ಈಗ ಅಡಿಕೆ ಕೊಕ್ಕೋ ಎಲ್ಲ ಸೇರಿ ದೊಡ್ಡ ಸಂಸ್ಥೆ. ಅಣ್ಣನಿಗೆ ತೆಂಗಿನ ಗಿಡದ ಬಗ್ಗೆ ಕೇಳ್ಲಿಕ್ಕಿತ್ತು, ಹೆಚ್ಚು ಹೊತ್ತು ನಿಲ್ಲಲಿಲ್ಲ.

ಮಧ್ಯಾಹ್ನ ತಳಂಗರೆ. ಇವರ ದೋಸ್ತಿ ಒಬ್ರ ಮನೆ ಅಲ್ಲಿ, ನಾವು ಬರ್ತೇವೆ ಅಂದದ್ದಕ್ಕೆ ಅವರ ಉಮ್ಮ, ಅಂದ್ರೆ ಅಮ್ಮ, ಪತ್ತಿರಿ, ಕಲ್ತಪ್ಪ, ಸುಲೈಮಾನಿ ಎಲ್ಲ ಮಾಡಿ ಕಾದಿದ್ರು. ಮಾಲಿಕ್ ದೀನಾರ್ ಮಸೀದಿ ಇರುದು ಅಲ್ಲಿಯೇ, ಅರಬ್ ನಾಡಿಂದ ಹಡಗಿನಲ್ಲಿ ಬಂದ ಮಾಲಿಕ್ ದೀನಾರರು ಕಟ್ಟಿಸಿದ್ದು ಅಂತ ಹಿಂದಿನಿಂದ ಹೇಳಿಕೊಂಡು ಬಂದದ್ದು, ದೂರ ದೂರದಿಂದ ಉರೂಸಿಗೆ ಜನ ಬರ್ತಾರೆ. ಶುಕ್ರವಾರ ಬಿಟ್ಟು ಬೇರೆ ದಿನ, ಜಾಗ ತಿಳಿದವರೊಟ್ಟಿಗೆ ಹೋದ್ರೆ ಒಳ್ಳೆದು. ಇವರು, ಅಣ್ಣ, ಹುಡುಗರು ಹೋಗಿ ಬಂದ್ರು, ನಾವು ಹೆಂಗಸರು ಉಮ್ಮನೊಟ್ಟಿಗೆ ಕೂತೆವು. ಆಗ ಅವರು ಒಂದು ಟೊಪ್ಪಿ ತಂದು ತೋರಿಸಿದ್ರು. ತಳಂಗರೆ ಟೊಪ್ಪಿ ಅಂದ್ರೆ ಒಂದು ಕಾಲಕ್ಕೆ ಗಲ್ಫಿನವರೆಗೆ ಹೆಸರು, ಮನೆ ಮನೆಯಲ್ಲಿ ಹೆಂಗಸರು ಕೈಯಲ್ಲೇ ಹೊಲಿಯುದು. ಬಿಳಿ ಬಟ್ಟೆಗೆ ಬಿಳಿ ನೂಲು, ಅಷ್ಟು ಸಣ್ಣ ಹೊಲಿಗೆ, ಬೆಳಕಿಗೆ ಹಿಡಿದ್ರೆ ಮಾತ್ರ ಡಿಸೈನು ಕಾಣುದು. ಅವರ ಅಮ್ಮ ಹೊಲಿದದ್ದಂತೆ. ಈಗ ಹೊಲಿಯುವವರು ಬೆರಳೆಣಿಕೆಗೆ ಬಂದಿದ್ದಾರೆ. ಉಮ್ಮ ಮಾತಾಡುದು ಅವರ ಮಲಯಾಳ, ಅತ್ತಿಗೆ ಮಾತಾಡುದು ಬೆಂಗಳೂರಿನ ಕನ್ನಡ, ನಾನು ನಡುವೆ ಹೇಳ್ತಾ ಇದ್ದವಳು ಸ್ವಲ್ಪ ಹೊತ್ತು ಕಳೆದು ಸುಮ್ನಾದೆ, ಬೇಡವೇ ಬೇಡ, ಇಬ್ರೂ ಮಕ್ಕಳ ಸುದ್ದಿ, ಮಂಡಿನೋವಿನ ಸುದ್ದಿ ಎಲ್ಲ ಮಾತಾಡಿ ಮುಗಿಸಿದ್ರು.

ಸಂಜೆ ಹೊಳೆ ದಾಟಿ ಚಂದ್ರಗಿರಿ ಕೋಟೆ. ನನ್ನಲ್ಲಿ ಕೇಳಿದ್ರೆ ಪೇಟೆಗೆ ಹತ್ರ ಇರುವ ಜಾಗಗಳಲ್ಲಿ ಸಂಜೆಗೆ ಇದನ್ನು ಬಿಟ್ಟು ಬೇರೆ ಇಲ್ಲ. 17ನೇ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ್ದು, ಬೇಕಲದಷ್ಟು ದೊಡ್ಡದಲ್ಲ, ಜನವೂ ಅಷ್ಟಿಲ್ಲ, ಕೆಂಪುಕಲ್ಲಿನ ಗೋಡೆ, ಹುಲ್ಲು, ಗಾಳಿ. ಗೋಡೆಯ ಬದಿಗೆ ಹೋದ್ರೆ ಕೆಳಗೆ ಹೊಳೆ, ರೈಲಿನ ಸೇತುವೆ, ಆಚೆ ಪೂರ್ತಿ ತೆಂಗು, ಅದರಾಚೆ ಕಡಲು. ಹುಡುಗರು ರೈಲು ಬರುದನ್ನು ಕಾದು ಕೂತ್ರು. ಬಂದ ರೈಲಿಗೆಲ್ಲ ಬೋಗಿ ಲೆಕ್ಕ, ಇಪ್ಪತ್ತೆರಡು ಅಂತ ಒಬ್ಬ, ಇಪ್ಪತ್ತಮೂರು ಅಂತ ಇನ್ನೊಬ್ಬ, ಜಗಳ. ಮಕ್ಕಳನ್ನು ಅಂಚಿಗೆ ಮಾತ್ರ ಬಿಡಬೇಡಿ, ಕೆಲವು ಕಡೆ ಗೋಡೆ ತಗ್ಗು ಉಂಟು, ಹಳೇ ಕಲ್ಲು.

ಅಲ್ಲಿ ಕೂತು ಸಣ್ಣವನಿಗೆ ಹೊಳೆಯ ಕಥೆ ಹೇಳಿದೆ. ಪಯಸ್ವಿನಿ ಹುಟ್ಟುದು ಕೊಡಗಿನ ಗುಡ್ಡದಲ್ಲಿ, ಸುಳ್ಯ ಪೇಟೆಯ ಬದಿಯಲ್ಲಿ ಬಂದು, ಗಡಿ ದಾಟಿ, ಇಲ್ಲಿ ಚಂದ್ರಗಿರಿ ಅಂತ ಹೆಸರು ಆಗಿ ಕಡಲಿಗೆ ಸೇರುದು. ಹಿಂದಿನವರಿಗೆ ತುಳುನಾಡಿನ ತೆಂಕಣ ಗಡಿ ಈ ಹೊಳೆಯೇ. "ಅಂದ್ರೆ ಈ ನೀರು ಕರ್ನಾಟಕದ್ದಾ?" ಅಂದ. ಅಲ್ಲಿಂದ ಹೊರಟದ್ದು ಅಂದೆ. "ಈಗ ಕೇರಳದ್ದಾ?" ಈಗ ಇಲ್ಲಿ ಉಂಟಲ್ಲ ಅಂದೆ. ಅವನು ಸ್ವಲ್ಪ ಹೊತ್ತು ಹೊಳೆಯನ್ನೇ ನೋಡಿದ. "ನಿಮ್ಮ ಹಾಗೆ ಅಲ್ವಾ ಅತ್ತೆ, ನೀವು ಎಲ್ಲಿಗೂ ಹೋಗಿಲ್ಲ." ಎಂಟು ವರ್ಷದವ ಹೇಳಿದ ಮಾತು ಇದು. ಅಣ್ಣ ನನ್ನನ್ನು ನೋಡಿದ, ನಾನು ಅಣ್ಣನನ್ನು ನೋಡಿದೆ. ಸೂರ್ಯ ಮುಳುಗುವವರೆಗೆ ಅಲ್ಲೇ ಕೂತೆವು, ತಂದಿದ್ದ ಮಧೂರಿನ ಅಪ್ಪ ಎರಡು ಉಳಿದಿತ್ತು, ಏಳು ಜನ ಹಂಚಿ ತಿಂದೆವು.

ನಾಲ್ಕನೇ ದಿನ ಬೆಳಗ್ಗೆ ಕುಂಬಳೆ ಹತ್ರದ ಅನಂತಪುರ, ಕೆರೆಯ ನಡುವಿನ ದೇವಸ್ಥಾನ, ತಿರುವನಂತಪುರದ ಅನಂತಪದ್ಮನಾಭನ ಮೂಲಸ್ಥಾನ ಅಂತ ನಂಬಿಕೆ. ಹೋದ ಸಲ ಬಂದಾಗ ನೈವೇದ್ಯದ ಅನ್ನ ತಿಂತಿದ್ದ ಮೊಸಳೆ ಬಬಿಯನ ಸುದ್ದಿ ಹೇಳಿದ್ದೆ ಮಕ್ಕಳಿಗೆ. ಅದು 2022ರ ಅಕ್ಟೋಬರ್ 9ಕ್ಕೆ ತೀರಿಹೋಯ್ತು, ಎಷ್ಟು ಜನ ಅತ್ತರು ಆ ದಿನ. 2023ರ ನವೆಂಬರಲ್ಲಿ ಕೆರೆಯಲ್ಲಿ ಮತ್ತೊಂದು ಮೊಸಳೆ ಕಾಣಿಸಿಕೊಂಡಿತು, ಎಲ್ಲಿಂದ ಬಂತೋ ದೇವರಿಗೇ ಗೊತ್ತು. ನಮಗೆ ಆ ದಿನ ಕಾಣಸಿಗ್ಲಿಲ್ಲ, ಹುಡುಗರು ಕೆರೆಯ ಹಸಿರು ನೀರಿಗೆ ಕಣ್ಣು ನೆಟ್ಟು ಅರ್ಧ ಗಂಟೆ ನಿಂತದ್ದು ಸಾರ್ಥಕವೇ, ಅಷ್ಟು ಮೌನವಾಗಿ ಅವರು ಮನೆಯಲ್ಲಿ ಒಂದು ನಿಮಿಷ ಇದ್ದದ್ದಿಲ್ಲ. ಬೆಳಗ್ಗೆ ಬೇಗ ಹೋಗಿ, ಮಧ್ಯಾಹ್ನಕ್ಕೆ ದೇವಸ್ಥಾನಗಳೆಲ್ಲ ಬಾಗಿಲು ಹಾಕ್ತಾರೆ.

ಸಂಜೆ ನಾಲ್ಕೂವರೆಗೆ ಬೇಕಲ. ನೀರಿನ ಬಾಟ್ಲಿ, ಟೊಪ್ಪಿ ಎಲ್ಲ ಹಿಡ್ಕೊಂಡು. ಇದೂ ಶಿವಪ್ಪ ನಾಯಕನದ್ದೇ, 40 ಎಕರೆ, ಹೈದರಾಲಿ ಟಿಪ್ಪು ಕೈಗೆ ಹೋಗಿ ಕೊನೆಗೆ ಬ್ರಿಟಿಷರದ್ದಾದದ್ದು. ಕಾಸರಗೋಡು ತಾಲೂಕು ಆಗುವ ಮೊದಲು ಬೇಕಲ ತಾಲೂಕು ಅಂತಲೇ ಇತ್ತು. ಬಾಗಿಲ ಹತ್ರ ಮುಖ್ಯಪ್ರಾಣನ ಗುಡಿ, ನಡುವಲ್ಲಿ ಎತ್ತರದ ವೀಕ್ಷಣೆಯ ಬುರುಜು, ಕಡಲಿಗೆ ಚಾಚಿಕೊಂಡ ಕೊತ್ತಳ, ಆ ಬಿಸಿಲು ಇಳಿದ ಹೊತ್ತಿಗೆ ಬೇಕಲ ಬೇರೆಯೇ ಜಾಗ. ಅತ್ತಿಗೆ "ಹೋದ ಸಲ ನಾವು ನೋಡಿದ್ದು ಇದೇ ಕೋಟೆನಾ" ಅಂತ ಎರಡು ಸಲ ಕೇಳಿದ್ರು.

ಮಂಜೇಶ್ವರದಲ್ಲಿ ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಗಿಳಿವಿಂಡು, ಪೈವಳಿಕೆ ಕಡೆಯ ಪೊಸಡಿ ಗುಂಪೆ ಗುಡ್ಡ, ಮಾಯಿಪ್ಪಾಡಿ ಅರಮನೆ, ಒಂದು ರಾತ್ರಿ ಪೂರ್ತಿ ತೆಯ್ಯಂ, ಇದೆಲ್ಲ ಉಳೀತು. ಮೇ ರಜೆಗೆ ಬರ್ತೇವೆ ಅಂದಿದ್ದಾರೆ. ಸಣ್ಣವ ರಟ್ಟು ಕತ್ತರಿಸಿ, ಅಜ್ಜಿಯ ಹೂ ಕಟ್ಟುವ ನೂಲು ಕಟ್ಟಿ ಒಂದು ನರಕಾಸುರ ಮಾಡಿದ್ದ, ಅದನ್ನು ಕೈಯಲ್ಲೇ ಹಿಡ್ಕೊಂಡು ರೈಲು ಹತ್ತಿದ. ಕಿರೀಟ ಮಾತ್ರ ಗೋಂದು ಒಣಗಲಿ ಅಂತ ಕಿಟಕಿಯಲ್ಲಿ ಇಟ್ಟದ್ದು ಇಲ್ಲೇ ಬಾಕಿ ಆಗಿದೆ, ರಾತ್ರಿ ಫೋನ್ ಮಾಡಿ "ಅತ್ತೆ, ಅದನ್ನು ಯಾರೂ ಮುಟ್ಟಬಾರದು" ಅಂತ ಹೇಳಿದ್ದಾನೆ.